ಭತ್ತಕ್ಕೆ ಸಿಕ್ಕ ವಿಜ್ಞಾನ ಹೆಸರಿಗೂ ಸಿಗಲಿ

ಮೃಗಶಿರಾ ಮಳೆಗೆ ಬಿತ್ತಿದ ಹೆಸರು ಮಘಾ ಮಳೆಯ ಹೊತ್ತಿಗೆ ಕೊಯ್ಲಿಗೆ ಬರುತ್ತದೆ. ಹೆಚ್ಚೆಂದರೆ 65ರಿಂದ 75 ದಿನದ ಬೆಳೆ. ರಾಯಚೂರು ಜಿಲ್ಲೆಯ ಮಸ್ಕಿ ತಾಲ್ಲೂಕಿನ ಸಂತೆಕಲ್ಲೂರಿನ ಆಸುಪಾಸಿನಲ್ಲಿ, ಲಿಂಗಸುಗೂರಿನ ಒಣಬೇಸಾಯದ ಹೊಲಗಳಲ್ಲಿ ಮುಂಗಾರಿನ ಮೊದಲ ಕಾಸು ಕಾಣಿಸುವ ಬೆಳೆ ಇದು. ತೊಗರಿ, ಹತ್ತಿಯ ದುಡ್ಡು ಬರಲು ಇನ್ನೂ ತಿಂಗಳುಗಟ್ಟಲೆ ಇರುವಾಗ ಗೊಬ್ಬರದಂಗಡಿಯ ಬಾಕಿ ತೀರಿಸಲು, ಹಿಂಗಾರಿ ಬಿತ್ತನೆಗೆ ಬೀಜ ತರಲು ರೈತ ನೆಚ್ಚಿಕೊಳ್ಳುವುದು ಹೆಸರನ್ನೇ.

ಕೊಯ್ಲಿನ ದಿನ ಒಂದು ಗಿಡವನ್ನು ಹತ್ತಿರದಿಂದ ನೋಡಿದರೆ ತಕರಾರು ಎಲ್ಲಿದೆ ಎಂಬುದು ತಿಳಿಯುತ್ತದೆ. ಕೆಳಗಿನ ಗೊಂಚಲಿನ ಕಾಯಿ ಕಪ್ಪಾಗಿ ಒಣಗಿ ನಿಂತಿರುತ್ತದೆ, ನಡುವಿನದು ಇನ್ನೂ ಹಸಿರು, ತುದಿಯಲ್ಲಿ ಹಳದಿ ಹೂವು. ಎಲ್ಲವೂ ಮಾಗಲಿ ಎಂದು ಕಾದರೆ ಕೆಳಗಿನ ಕಾಯಿ ಸಿಡಿದು ಕಾಳು ಎರೆಮಣ್ಣಿನ ಬಿರುಕಿಗೆ ಬೀಳುತ್ತದೆ. ಕಾಯದೆ ಕಿತ್ತರೆ ಮೇಲಿನದು ಜೊಳ್ಳು. ಹಾಗಾಗಿ ಹೆಣ್ಣಾಳುಗಳು ಬಿಸಿಲೇರುವ ಮೊದಲೇ ಹೊಲಕ್ಕಿಳಿದು, ಒಣಗಿದ ಕಾಯಿಗಳನ್ನಷ್ಟೇ ಆರಿಸಿ ಬಿಡಿಸುತ್ತಾರೆ. ಕೆಲವು ದಿನ ಬಿಟ್ಟು ಮತ್ತೊಂದು ಸುತ್ತು, ಆಮೇಲೆ ಇನ್ನೊಂದು. ಪ್ರತಿ ಸುತ್ತಿಗೂ ಕೂಲಿ ಲೆಕ್ಕ ಬೇರೆ. ಮಧ್ಯಾಹ್ನದ ಬಿಸಿಲಿಗೆ ಕಾಯಿಯ ಎರಡು ಹೋಳುಗಳೂ ಹಿಂಡಿದ ಬಟ್ಟೆಯ ಹಾಗೆ ತಿರುಚಿಕೊಂಡು ಚಟ್ಟನೆ ಬಿಚ್ಚುತ್ತವೆ. ನಡುವೆ ಮಳೆ ಹಿಡಿದರೆ ಕಾಳು ಕಾಯಿಯಲ್ಲೇ ಮೊಳಕೆಯೊಡೆದು ಬಣ್ಣ ಕೆಡುತ್ತದೆ.

ರೈತ ಇದಕ್ಕೆ ಹವಾಮಾನವನ್ನು ದೂರುತ್ತಾನೆ. ಆದರೆ ಕಾಯಿ ಯಾವಾಗ ಮಾಗಬೇಕು, ಎಲ್ಲಿ ಬಿರಿಯಬೇಕು, ಎಷ್ಟು ಬಿಗಿಯಾಗಿ ತಿರುಚಬೇಕು ಎಂಬುದನ್ನು ತೀರ್ಮಾನಿಸುವುದು ಗಿಡದೊಳಗಿನ ವಂಶವಾಹಿಗಳು. ಬಿಸಿಲು, ಮಳೆಗಳು ಆ ತೀರ್ಮಾನವನ್ನು ಬೇಗ ಇಲ್ಲವೇ ತಡವಾಗಿ ಜಾರಿಗೆ ತರುತ್ತವೆ, ಅಷ್ಟೆ. ಕಳೆದ ಇಪ್ಪತ್ತೈದು ವರ್ಷಗಳಲ್ಲಿ ಈ ವಂಶವಾಹಿಗಳು ಒಂದೊಂದಾಗಿ ಪತ್ತೆಯಾಗಿವೆ. ಆ ಅರಿವು ಭತ್ತದ ಗದ್ದೆಯ ಬದುವಿನವರೆಗೆ ಬಂದು ನಿಂತಿದೆ. ಹೆಸರಿನ ಹೊಲಕ್ಕೆ ಇನ್ನೂ ಬಂದಿಲ್ಲ. ಅದನ್ನು ಅಲ್ಲಿಗೆ ತರುವುದು ಸರ್ಕಾರಿ ಸಂಶೋಧನಾ ಸಂಸ್ಥೆಗಳ ಹೊಣೆ. ರಾಯಚೂರು ಕೃಷಿ ವಿಶ್ವವಿದ್ಯಾಲಯ ಅದರ ಮುಂಚೂಣಿಯಲ್ಲಿರಬೇಕು.

ಮೊದಲ ಸುಳಿವು ಸಿಕ್ಕಿದ್ದು ಸಾಸಿವೆ ಕುಟುಂಬದ ಅರಾಬಿಡಾಪ್ಸಿಸ್ ಎಂಬ ಪುಟ್ಟ ಕಳೆಗಿಡದಲ್ಲಿ. ಅಮೆರಿಕದ ಸ್ಯಾನ್ ಡಿಯಾಗೊದಲ್ಲಿ ಮಾರ್ಟಿನ್ ಯಾನೋಫ್ಸ್ಕಿ ಅವರ ತಂಡ 2000ದಲ್ಲಿ ಪ್ರಕಟಿಸಿದ ಶೋಧದ ಪ್ರಕಾರ, ಜೋಡಿ ವಂಶವಾಹಿಗಳೆರಡನ್ನೂ ಕೆಡಿಸಿದರೆ ಆ ಗಿಡದ ಕಾಯಿ ಒಣಗಿದರೂ ಬಿರಿಯುವುದಿಲ್ಲ. ವಿಜ್ಞಾನಿಗಳು ಅವುಗಳಿಗೆ 'ಶಾಟರ್‌ಪ್ರೂಫ್' ಎಂದೇ ಹೆಸರಿಟ್ಟರು. ಕಾಯಿಯ ಎರಡು ಹೋಳುಗಳು ಕೂಡುವ ಅಂಚಿನಲ್ಲಿ ಒಂದು ಸಾಲು ಕೋಶಗಳು ಗಟ್ಟಿಯಾಗುತ್ತವೆ, ಪಕ್ಕದ ಸಾಲು ಸಡಿಲವಾಗುತ್ತದೆ. ಒಣಗಿದಾಗ ಗಟ್ಟಿ ಸಾಲು ಸೆಳೆಯುತ್ತದೆ, ಸಡಿಲ ಸಾಲು ಹರಿಯುತ್ತದೆ. ಈ ಎರಡು ಸಾಲುಗಳನ್ನು ಎಲ್ಲಿ ಕಟ್ಟಬೇಕೆಂದು ಹೇಳುವುದು ಆ ಜೋಡಿ. ಅದರ ಆಜ್ಞೆ ಕಾಯಿಯ ಮೈಗೆಲ್ಲ ಹರಡದಂತೆ ತಡೆಯಲು 'ಫ್ರೂಟ್‌ಫುಲ್' ಎಂಬ ಇನ್ನೊಂದು ವಂಶವಾಹಿ ಇದೆ.

ಕಳೆಗಿಡದ ಕಥೆ ಕಾಳುಗಳಿಗೂ ಅನ್ವಯಿಸುತ್ತದೆಯೇ? ದ್ವಿದಳ ಬೆಳೆಗಳಲ್ಲಿ ದಾರಿ ಸ್ವಲ್ಪ ಬೇರೆ, ಆದರೆ ಗುರಿ ಅದೇ. ಸೋಯಾ ಅವರೆಯ ಕಾಯಿಸಿಪ್ಪೆಯನ್ನು ತಿರುಚಿಸುವ ಪಿಡಿಎಚ್1 ಎಂಬ ವಂಶವಾಹಿಯನ್ನು ಜಪಾನಿನ ವಿಜ್ಞಾನಿಗಳು 2014ರಲ್ಲಿ ಗುರುತಿಸಿದರು. ಅದು ಕೆಲಸ ಮಾಡದ ತಳಿಗಳ ಕಾಯಿ ಒಣ ಹವೆಯಲ್ಲೂ ಸುಲಭವಾಗಿ ಸಿಡಿಯದು. 2020ರಲ್ಲಿ ಅಡ್ಜುಕಿ ಎಂಬ ಕಾಳಿನಲ್ಲಿ ಮತ್ತು ಅಲಸಂದೆಯಲ್ಲಿ ಮಿಬ್26 ಎಂಬ ಮತ್ತೊಂದು ಕೊಂಡಿ ಸಿಕ್ಕಿತು. ಈ ಎರಡು ಬೆಳೆಗಳೂ ಹೆಸರಿನ ಹತ್ತಿರದ ದಾಯಾದಿಗಳು. ಒಂದೇ ವಿಗ್ನಾ ಕುಲದವು. ಹೆಸರಿನ ಇಡೀ ಜೀನೋಮ್ 2014ರಲ್ಲೇ ಪ್ರಕಟವಾಗಿದೆ. ಅಂದರೆ ಎಲ್ಲಿ ಹುಡುಕಬೇಕು ಎಂಬ ನಕ್ಷೆ ಕೈಯಲ್ಲಿದೆ, ಹುಡುಕುವ ಕೈಗಳು ಬೇಕಿವೆ.

ಈ ಹುಡುಕಾಟಕ್ಕೆ ರಾಯಚೂರು ಸೀಮೆಗಿಂತ ಒಪ್ಪುವ ಜಾಗ ಸಿಗುವುದು ಕಷ್ಟ. ಲಿಂಗಸುಗೂರು ತಾಲ್ಲೂಕಿನ ಮುದಗಲ್ ಸಮೀಪದ ಪಿಕಳಿಹಾಳದಲ್ಲಿ ಪುರಾತತ್ವಜ್ಞ ಎಫ್. ಆರ್. ಆಲ್ಚಿನ್ ನಡೆಸಿದ ಉತ್ಖನನ ಈ ಸೀಮೆಯ ನವಶಿಲಾಯುಗದ ದನಗಾಹಿಗಳ, ಬೇಸಾಯಗಾರರ ಬದುಕನ್ನು ಬೆಳಕಿಗೆ ತಂದಿತು. ತುಂಗಭದ್ರೆಯ ಆಚೆ ದಡದ ತೆಕ್ಕಲಕೋಟೆಯಲ್ಲಿ ಹುರುಳಿ ಸಿಕ್ಕಿದೆ. ಬಳ್ಳಾರಿ ಬಳಿಯ ಸಂಗನಕಲ್ಲಿನ ಬೂದಿ ಮಣ್ಣಿನಲ್ಲಿ ಸುಟ್ಟು ಕರಕಾದ ಹೆಸರು, ಹುರುಳಿ, ಕಿರುಧಾನ್ಯಗಳ ಕಾಳುಗಳು ದೊರೆತಿವೆ. ಅವುಗಳನ್ನು ಅಧ್ಯಯನ ಮಾಡಿದ ಡೋರಿಯನ್ ಫುಲ್ಲರ್ ಅವರಂಥ ತಜ್ಞರು, ನಾಲ್ಕು ಸಾವಿರ ವರ್ಷಗಳ ಹಿಂದೆಯೇ ದಖನ್ನಿನ ಈ ಭಾಗದಲ್ಲಿ ಹೆಸರು ಮತ್ತು ಹುರುಳಿಯ ಬೇಸಾಯ ನೆಲೆಯೂರಿತ್ತು ಎನ್ನುತ್ತಾರೆ. ಕಾಡು ಹೆಸರಿನ ಕಾಯಿ ಮುಟ್ಟಿದರೆ ಸಿಡಿಯುತ್ತದೆ. ಸಿಡಿಯದೆ ಉಳಿದ ಕಾಯಿಯನ್ನು ಮನೆಗೆ ತಂದು, ಅದನ್ನೇ ಮರುವರ್ಷ ಬಿತ್ತಿದ ಕೈಗಳು ಅರಿಯದೆಯೇ ವಂಶವಾಹಿಯನ್ನು ಆರಿಸಿದವು. ಹೆಸರಿನಲ್ಲಿ ಆ ಆಯ್ಕೆ ಪೂರ್ತಿಯಾಗಲಿಲ್ಲ. ಇವತ್ತಿಗೂ ಅದು ಅರ್ಧ ಕಾಡುಗುಣ ಉಳಿಸಿಕೊಂಡ ಬೆಳೆ.

ಜೋಳ, ಭತ್ತಗಳಲ್ಲಿ ಆ ಕೆಲಸ ಎಂದೋ ಮುಗಿಯಿತು. ಸಸ್ಯಶಾಸ್ತ್ರದ ಲೆಕ್ಕದಲ್ಲಿ ಇವುಗಳ ಒಂದೊಂದು ಕಾಳೂ ಒಂದು ಪೂರ್ಣ ಹಣ್ಣು. ತೆನೆಗೆ ಅಂಟಿದ ಕಾಳು ಉದುರುವಂತೆ ಮಾಡುವ ಎಸ್‌ಎಚ್1 ವಂಶವಾಹಿ ಜೋಳದಲ್ಲಿ ಒಂದೇ ಬಾರಿಯಲ್ಲ, ಬೇರೆ ಬೇರೆ ಬಗೆಯಲ್ಲಿ ಕನಿಷ್ಠ ಮೂರು ಸಲ ಕೆಟ್ಟಿದೆ ಎಂದು 2012ರ ಅಧ್ಯಯನವೊಂದು ತೋರಿಸಿತು. ಬೇರೆ ಬೇರೆ ಸೀಮೆಯ ರೈತರು ತಮ್ಮಷ್ಟಕ್ಕೆ ತಾವು ಅದೇ ಗುಣವನ್ನು ಆರಿಸಿಕೊಂಡಿದ್ದರು. ಭತ್ತದಲ್ಲಿ ಎಸ್‌ಎಚ್4 ಎಂಬ ವಂಶವಾಹಿಯ ಒಂದೇ ಒಂದು ಅಕ್ಷರದ ಬದಲಾವಣೆ ಕಾಳಿನ ತೊಟ್ಟನ್ನು ಗಟ್ಟಿ ಮಾಡಿದೆ. ಗಮನಿಸಬೇಕಾದ ಸಂಗತಿಯೆಂದರೆ ಆ ವಂಶವಾಹಿ ಪೂರ್ತಿ ಸತ್ತಿಲ್ಲ, ಮಂಕಾಗಿದೆ. ಪೂರ್ತಿ ಸತ್ತಿದ್ದರೆ ಕಾಳು ಗದ್ದೆಯಲ್ಲಿ ಉದುರುತ್ತಿರಲಿಲ್ಲ ನಿಜ, ಕಣದಲ್ಲಿ ಬಡಿದರೂ ಉದುರುತ್ತಿರಲಿಲ್ಲ.

ಹತ್ತಿಯಲ್ಲಿ ಇದೇ ಬಿರಿಯುವಿಕೆ ಲಾಭದ ಬಾಬ್ತು. ಹತ್ತಿಕಾಯಿಯೂ ಒಂದು ಹಣ್ಣೇ. ಅದು ಸರಿಯಾಗಿ ಅರಳದಿದ್ದರೆ ಬಿಡಿಸುವುದಕ್ಕೆ ಏನೂ ಇರುವುದಿಲ್ಲ.

ಮಸ್ಕಿ ದಾಟಿ ಸಿಂಧನೂರಿನ ದಿಕ್ಕಿಗೆ ಹೋದಂತೆ ತುಂಗಭದ್ರಾ ಎಡದಂಡೆ ಕಾಲುವೆಯ ನೀರು, ಭತ್ತದ ಗದ್ದೆ, ಅಕ್ಕಿ ಗಿರಣಿಗಳು ಶುರುವಾಗುತ್ತವೆ. ನಮ್ಮಲ್ಲಿ ಹಣ್ಣಿನ ವಂಶವಾಹಿಗಳ ವಿಜ್ಞಾನ ಪ್ರಯೋಗಾಲಯ ಬಿಟ್ಟು ಹೊರಬಂದಿದ್ದು ಈ ಬೆಳೆಯ ಮೂಲಕವೇ. 2025ರ ಮೇ 4ರಂದು ಕೇಂದ್ರ ಕೃಷಿ ಸಚಿವ ಶಿವರಾಜ್ ಸಿಂಗ್ ಚೌಹಾಣ್ ದೇಶದ ಮೊದಲ ಎರಡು ವಂಶವಾಹಿ ತಿದ್ದಿದ ಭತ್ತದ ತಳಿಗಳನ್ನು ಘೋಷಿಸಿದರು. ಅವುಗಳಲ್ಲಿ ಹೈದರಾಬಾದಿನ ಭಾರತೀಯ ಭತ್ತ ಸಂಶೋಧನಾ ಸಂಸ್ಥೆ ರೂಪಿಸಿದ 'ಡಿಆರ್‌ಆರ್ ಧಾನ್ 100' ಅಥವಾ 'ಕಮಲಾ' ಈ ಭಾಗಕ್ಕೆ ನೇರ ಸಂಬಂಧಪಟ್ಟದ್ದು. ಅದರ ತಾಯಿತಳಿ ಸಾಂಬಾ ಮಸೂರಿ, ಅಂದರೆ 1986ರಲ್ಲಿ ಆಂಧ್ರದ ಬಾಪಟ್ಲದಿಂದ ಬಂದು ಸಿಂಧನೂರು, ಗಂಗಾವತಿಗಳ ರೈತರ ಬಾಯಲ್ಲಿ 'ಬಿಪಿಟಿ' ಆದ ಅದೇ ಭತ್ತ.

ತಿದ್ದಿದ್ದು ಏನನ್ನು? ತೆನೆಯ ಕುಡಿಯಲ್ಲಿ ಸೈಟೊಕೈನಿನ್ ಎಂಬ ಹಾರ್ಮೋನ್ ಹೆಚ್ಚಿದ್ದಷ್ಟೂ ಕವಲು, ಹೂವು, ಕಾಳುಗಳು ಹೆಚ್ಚು. ಅದನ್ನು ಒಡೆದುಹಾಕುವ ಕಿಣ್ವವನ್ನು ತಯಾರಿಸುವುದು ಜಿಎನ್1ಎ ಎಂಬ ವಂಶವಾಹಿ ಎಂದು ಜಪಾನಿನ ಅಶಿಕಾರಿ ಮತ್ತು ಸಂಗಡಿಗರು 2005ರಲ್ಲಿ ಕಂಡುಕೊಂಡಿದ್ದರು. ಹೈದರಾಬಾದಿನವರು ಕ್ರಿಸ್ಪರ್ ಎಂಬ ವಂಶವಾಹಿ ತಿದ್ದುವ ಕತ್ತರಿಯಿಂದ ಬಿಪಿಟಿಯ ಆ ವಂಶವಾಹಿಯನ್ನು ಕುಂಠಿತಗೊಳಿಸಿದರು. ಬಿಟಿ ಹತ್ತಿಯಲ್ಲಿ ಆದಂತೆ ಹೊರಗಿನ ಜೀವಿಯ ವಂಶವಾಹಿಯನ್ನು ತಂದು ಸೇರಿಸಿಲ್ಲ. ಇಂಥ ತಳಿಗಳಿಗೆ ಕುಲಾಂತರಿ ಬೆಳೆಗಳ ಕಟ್ಟುಪಾಡುಗಳಿಂದ 2022ರ ಮಾರ್ಚ್‌ನಲ್ಲೇ ಕೇಂದ್ರ ಪರಿಸರ ಸಚಿವಾಲಯ ವಿನಾಯಿತಿ ನೀಡಿದೆ. ಇಳುವರಿ ಶೇ 19ರಷ್ಟು ಹೆಚ್ಚು, ಕೊಯ್ಲು 20 ದಿನ ಮುಂಚೆ ಎಂಬುದು ಭಾರತೀಯ ಕೃಷಿ ಅನುಸಂಧಾನ ಪರಿಷತ್ತಿನ (ಐಸಿಎಆರ್) ಹೇಳಿಕೆ.

ಆ 20 ದಿನಗಳ ಬೆಲೆ ಏನೆಂದು ಕಾಲುವೆಯ ಕೊನೆ ಭಾಗದ ರೈತರನ್ನು ಕೇಳಬೇಕು. 133 ಟಿಎಂಸಿ ಅಡಿ ಸಾಮರ್ಥ್ಯವಿದ್ದ ತುಂಗಭದ್ರಾ ಜಲಾಶಯ ಹೂಳು ತುಂಬಿ 105ರ ಆಸುಪಾಸಿಗೆ ಇಳಿದಿದೆ. 2024ರ ಆಗಸ್ಟ್ 10ರ ರಾತ್ರಿ 19ನೇ ಕ್ರಸ್ಟ್ ಗೇಟ್ ಕಿತ್ತುಹೋದಾಗ ನೀರು ಕಣ್ಣೆದುರೇ ಹರಿದುಹೋಯಿತು. ಹೊಡೆ ಕಟ್ಟುವ ಹೊತ್ತಿಗೆ ಕಾಲುವೆ ಬಂದ್ ಆದರೆ ಇಡೀ ಬೆಳೆಯೇ ಹೋಗುತ್ತದೆ. ಬೇಗ ಬರುವ ಭತ್ತ ಇಲ್ಲಿ ಜಾಣತನದ ಮಾತು.

ಹಾಗೆಂದು ಕಮಲಾಕ್ಕೆ ಈಗಲೇ ಜೈಕಾರ ಹಾಕಬೇಕಿಲ್ಲ. ಪ್ರಾಯೋಗಿಕ ತಾಕುಗಳ ಅಂಕಿಅಂಶ ಐಸಿಎಆರ್ ಹೇಳಿದಷ್ಟು ಲಾಭವನ್ನು ತೋರಿಸುವುದಿಲ್ಲ ಎಂದು ಕುಲಾಂತರಿ ವಿರೋಧಿ ಒಕ್ಕೂಟ 2025ರ ಅಕ್ಟೋಬರ್‌ನಲ್ಲಿ ಆರೋಪಿಸಿದೆ. ಪರಿಷತ್ತು ಅದನ್ನು ತಳ್ಳಿಹಾಕಿದೆ. ಎರಡೂ ಕಡೆಯವರ ಮಾತನ್ನು ತೂಗಿ ನೋಡುವುದಕ್ಕೆ ಬೇಕಾದ ಪೂರ್ತಿ ದತ್ತಾಂಶ ರೈತನ ಭಾಷೆಯಲ್ಲಿ ಎಲ್ಲೂ ಸಿಗುವುದಿಲ್ಲ. ಪೇಟೆಂಟಿನ ತೊಡಕು ಬೇರೆ. 2020ರಲ್ಲಿ ಜೆನಿಫರ್ ಡೌಡ್ನಾ ಮತ್ತು ಎಮ್ಯಾನುಯೆಲ್ ಶಾರ್ಪೆಂಟಿಯೆ ಅವರಿಗೆ ನೊಬೆಲ್ ತಂದುಕೊಟ್ಟ ಕ್ರಿಸ್ಪರ್-ಕ್ಯಾಸ್9 ಕತ್ತರಿಯ ಹಕ್ಕುಗಳು ವಿದೇಶಿ ಸಂಸ್ಥೆಗಳ ಕೈಯಲ್ಲಿವೆ. ಸಂಶೋಧನೆಗೆ ಬಳಸುವುದು ಒಂದು, ಬೀಜ ಮಾರುವುದು ಇನ್ನೊಂದು. ಕಟಕ್‌ನ ಭತ್ತ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಟಿಎನ್‌ಪಿಬಿ ಎಂಬ ಪುಟ್ಟ ಪ್ರೋಟೀನಿನಿಂದ ಸ್ವದೇಶಿ ಕತ್ತರಿಯನ್ನು ರೂಪಿಸಿ ಪೇಟೆಂಟ್ ಪಡೆದಿರುವುದು ಈ ದೃಷ್ಟಿಯಿಂದ ದೊಡ್ಡ ಸುದ್ದಿ.

ಆದರೂ ಭತ್ತದ ವಿಷಯದಲ್ಲಿ ಕನಿಷ್ಠ ಜಗಳವಾಡಲು ಒಂದು ತಳಿಯಾದರೂ ಇದೆ. ನೀರಾವರಿಯಿಲ್ಲದ ಹೊಲದ ಬೆಳೆಗಳಿಗೆ ಅದೂ ಇಲ್ಲ. ವಂಶವಾಹಿ ತಿದ್ದುಪಡಿ ಸಂಶೋಧನೆಗೆ ಕೇಂದ್ರ ಸರ್ಕಾರ 2023–24ರ ಬಜೆಟ್‌ನಲ್ಲಿ ₹500 ಕೋಟಿ ಇಟ್ಟಿತು. ಬೇಳೆಕಾಳು, ಎಣ್ಣೆಕಾಳುಗಳಲ್ಲೂ ಕೆಲಸ ಆರಂಭವಾಗಿದೆ ಎಂದು ಐಸಿಎಆರ್ ಹೇಳಿಕೊಂಡಿದೆ. ಬೇಳೆಕಾಳು ಸ್ವಾವಲಂಬನೆಗಾಗಿ 2025ರ ಅಕ್ಟೋಬರ್‌ನಲ್ಲಿ ಸಚಿವ ಸಂಪುಟ ಒಪ್ಪಿದ ₹11,440 ಕೋಟಿಯ ಆರು ವರ್ಷದ ಯೋಜನೆ ವಿಶೇಷ ಒತ್ತು ಕೊಟ್ಟಿರುವುದು ತೊಗರಿ, ಉದ್ದು, ಮಸೂರಕ್ಕೆ. ತೊಗರಿ ಇರುವುದು ಕಲ್ಯಾಣ ಕರ್ನಾಟಕಕ್ಕೆ ಸಮಾಧಾನದ ಸಂಗತಿಯೇ. ಹೆಸರು ಮಾತ್ರ ಆ ಪಟ್ಟಿಯಲ್ಲಿಲ್ಲ. 2025–26ಕ್ಕೆ ಕ್ವಿಂಟಲ್‌ಗೆ ₹8,768 ಬೆಂಬಲ ಬೆಲೆ ನಿಗದಿಯಾಗಿರುವ ಕಾಳು ಬಿರುಕು ನೆಲಕ್ಕೆ ಸಿಡಿದು ಹೋಗುವುದನ್ನು ಬೆಂಬಲ ಬೆಲೆಯೊಂದೇ ತಡೆಯಲಾರದು.

ಖಾಸಗಿ ಕಂಪನಿಗಳು ಈ ಕೆಲಸಕ್ಕೆ ಕೈಹಾಕುತ್ತವೆ ಎಂದು ಕಾಯುವುದೂ ವ್ಯರ್ಥ. ಹೆಸರು ತನ್ನ ಪರಾಗದಿಂದಲೇ ಕಾಯಿ ಕಟ್ಟುವ ಬೆಳೆ. ಒಮ್ಮೆ ಒಳ್ಳೆಯ ಬೀಜ ಕೊಂಡ ರೈತ ಅದನ್ನೇ ಕಟ್ಟಿಟ್ಟು ವರ್ಷಗಟ್ಟಲೆ ಬಿತ್ತಬಹುದು, ನೆರೆಯವರಿಗೂ ಕೊಡಬಹುದು. 2001ರ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆ ಅದಕ್ಕೆ ಅವಕಾಶ ಕೊಟ್ಟಿದೆ. ವರ್ಷ ವರ್ಷ ಪ್ಯಾಕೆಟ್ ಮಾರಬೇಕಾದ ವ್ಯಾಪಾರಕ್ಕೆ ಇದರಲ್ಲಿ ಲಾಭವಿಲ್ಲ. ಮೆಣಸಿನಕಾಯಿ ಬೀಜಕ್ಕೆ ಅಂಗಡಿಗೆ ಹೋದವರು ತಳಿಯ ಹೆಸರಿನ ಬದಲು 2043, 5531 ಎಂದು ಕಂಪನಿಗಳ ನಂಬರ್ ಹೇಳುತ್ತಾರೆ. ಹೆಸರುಕಾಳಿನ ಕಥೆ ಬೇರೆ. ಧಾರವಾಡದ ಡಿಜಿಜಿವಿ-2, ಬೀದರ್‌ನ ಬಿಜಿಎಸ್-9 ಹೆಸರಿನ ತಳಿಗಳನ್ನು ಕೊಟ್ಟಿದ್ದು ಸರ್ಕಾರಿ ಸಂಶೋಧನಾ ಕೇಂದ್ರಗಳು. ಮುಂದಿನದನ್ನು ಕೊಡಬೇಕಾದವರೂ ಅವರೇ.

ಮೆಣಸಿನಕಾಯಿಯ ಮಾತು ಬಂದಿದ್ದರಿಂದ ಅದನ್ನೂ ಹೇಳಿಬಿಡಬೇಕು. ಕಾಯಿಯ ಖಾರ ಇರುವುದು ಬೀಜದಲ್ಲಲ್ಲ, ಬೀಜ ಅಂಟಿಕೊಂಡಿರುವ ಬಿಳಿ ದಿಂಡಿನಲ್ಲಿ. ಆ ಖಾರವನ್ನು ನಿರ್ಧರಿಸುವ ಪನ್1 ವಂಶವಾಹಿ 2005ರಲ್ಲಿ ಪತ್ತೆಯಾಯಿತು. ಹಣ್ಣಿಗೆ ಕೆಂಪು ತುಂಬುವ ಕೊನೆಯ ಹೆಜ್ಜೆಯನ್ನು ಇನ್ನೊಂದು ವಂಶವಾಹಿ ನಡೆಸುತ್ತದೆ. 2011ರಲ್ಲಿ ಭೌಗೋಳಿಕ ಸೂಚಿಕೆ ಪಡೆದ ಬ್ಯಾಡಗಿ ಮೆಣಸಿನಕಾಯಿಯ ಹೆಗ್ಗಳಿಕೆ ಖಾರ ಕಡಿಮೆ, ಬಣ್ಣ ಜಾಸ್ತಿ ಎಂಬುದೇ. ಎರಡು ಗುಣಗಳನ್ನೂ ಬೇರೆ ಬೇರೆಯಾಗಿ ಹಿಡಿದು ಪಳಗಿಸಬಹುದಾದ ಈ ಕಾಲದಲ್ಲಿ ಆ ಜವಾರಿ ತಳಿಯ ಸುಧಾರಣೆ ಸಾರ್ವಜನಿಕ ಸಂಸ್ಥೆಗಳ ಕೈತಪ್ಪಬಾರದು.

ಅವಸರ ಬೇಡ ಎಂಬುದಕ್ಕೂ ಟೊಮೆಟೊದಲ್ಲಿ ಪಾಠವಿದೆ. 1968ರಲ್ಲಿ ವರದಿಯಾದ 'ರಿನ್' ಎಂಬ ಗಿಡದ ಹಣ್ಣು ವಾರಗಟ್ಟಲೆ ಇಟ್ಟರೂ ಕೆಂಪಾಗುವುದಿಲ್ಲ, ಮೆತ್ತಗಾಗುವುದಿಲ್ಲ. ಅದನ್ನು ಒಂದು ಪಾಲು ಬೆರೆಸಿದ ಹೈಬ್ರಿಡ್‌ಗಳು ದೂರದ ಮಾರುಕಟ್ಟೆ ತಲುಪಿದವು, ಆದರೆ ರುಚಿ, ಬಣ್ಣ ಸಪ್ಪೆಯಾದವು. 2002ರಲ್ಲಿ ಆ ವಂಶವಾಹಿಯನ್ನು ಗುರುತಿಸಿದಾಗ ಹಣ್ಣಾಗುವಿಕೆಯ ಮುಖ್ಯ ಕೀಲಿಯೇ ಸಿಕ್ಕಿತೆಂದು ಪಠ್ಯಪುಸ್ತಕಗಳು ಬರೆದುಕೊಂಡವು. 2017ರಲ್ಲಿ ಜಪಾನಿನ ವಿಜ್ಞಾನಿಗಳು ಅದೇ ವಂಶವಾಹಿಯನ್ನು ಕ್ರಿಸ್ಪರ್‌ನಿಂದ ಪೂರ್ತಿ ಕೆಡಿಸಿದಾಗ, ಹಣ್ಣು ಅರೆಬರೆಯಾಗಿಯಾದರೂ ಮಾಗಿತು. ಹಳೆಯ ರಿನ್ ಗಿಡದಲ್ಲಿ ವಂಶವಾಹಿ ಸತ್ತಿರಲಿಲ್ಲ, ಪಕ್ಕದ ಇನ್ನೊಂದರ ಜೊತೆ ಬೆಸೆದುಕೊಂಡು ಅಡ್ಡಗಾಲು ಹಾಕುತ್ತಿತ್ತು. 1994ರಲ್ಲಿ ಅಮೆರಿಕದ ಪೇಟೆಗೆ ಬಂದ ಫ್ಲೇವರ್ ಸೇವರ್ ಟೊಮೆಟೊ ಕೆಲವೇ ವರ್ಷಗಳಲ್ಲಿ ಮರೆಯಾದದ್ದೂ ಇದೇ ಸಾಲಿನ ನೆನಪು. ಒಂದು ವಂಶವಾಹಿಯನ್ನು ಮುಟ್ಟಿದರೆ ಹತ್ತು ಕಡೆ ಅಲುಗಾಡುತ್ತದೆ. ಹೆಸರಿನ ಸಿಪ್ಪೆಯನ್ನು ಅತಿಯಾಗಿ ಬಿಗಿ ಮಾಡಿದರೆ ರಾಶಿ ಮಾಡುವಾಗ ಕಾಳೇ ಬಿಡದೆ ಹೋಗಬಹುದು. ಎಲ್ಲ ಕಾಯಿಯೂ ಒಟ್ಟಿಗೇ ಮಾಗುವಂತೆ ಮಾಡಿದರೆ, ನಡುವೆ ಮಳೆ ಕೈಕೊಟ್ಟ ವರ್ಷ ಎರಡನೇ ಸುತ್ತಿನ ಹೂವಿನ ಆಸರೆಯೂ ಇರುವುದಿಲ್ಲ. ಒಣ ಬೇಸಾಯದ ರೈತನಿಗೆ ಅದು ಸಣ್ಣ ನಷ್ಟವಲ್ಲ.

ಆದ್ದರಿಂದ ಮೊದಲು ಕತ್ತರಿ ಹಿಡಿಯಬೇಕಿಲ್ಲ. ಲಿಂಗಸುಗೂರು, ಮಸ್ಕಿ, ಕುಷ್ಟಗಿ, ಯಲಬುರ್ಗಾ ಸೀಮೆಯ ಮನೆಗಳಲ್ಲಿ ಉಳಿದಿರುವ ಜವಾರಿ ಹೆಸರಿನ ಬೀಜವನ್ನು ಕೂಡಿಸಬೇಕು. ಕಡಿಮೆ ಸಿಡಿಯುವ ಗಿಡಗಳನ್ನು ಆರಿಸಿ, ದಾಯಾದಿ ಬೆಳೆಗಳಲ್ಲಿ ಗೊತ್ತಾಗಿರುವ ವಂಶವಾಹಿಗಳ ರೂಪ ಅವುಗಳಲ್ಲಿ ಹೇಗಿದೆ ಎಂದು ಓದಬೇಕು. ಬೇಕಾದ ರೂಪ ಅಲ್ಲೇ ಸಿಕ್ಕರೆ ಸಾಂಪ್ರದಾಯಿಕ ಅಡ್ಡತಳಿ ವಿಧಾನವೇ ಸಾಕು, ಪೇಟೆಂಟಿನ ಗೊಡವೆಯೂ ಇಲ್ಲ. ಸಿಗದಿದ್ದರೆ ಮಾತ್ರ ತಿದ್ದುಪಡಿಯ ಮಾತು, ಅದೂ ಸ್ವದೇಶಿ ಕತ್ತರಿಯಿಂದ.

2009ರಲ್ಲಿ ಸ್ಥಾಪನೆಯಾದ ರಾಯಚೂರು ಕೃಷಿ ವಿಶ್ವವಿದ್ಯಾಲಯಕ್ಕೆ ಇದು ಅಳತೆ ಮೀರಿದ ಕೆಲಸವಲ್ಲ. ಭಾರತೀಯ ಬೇಳೆಕಾಳು ಸಂಶೋಧನಾ ಸಂಸ್ಥೆಯ ಪ್ರಾದೇಶಿಕ ಕೇಂದ್ರ ಧಾರವಾಡದಲ್ಲಿದೆ. ತೊಗರಿಯ ಜೀನೋಮ್ ಓದಿದ ಇಕ್ರಿಸ್ಯಾಟ್ ಹೈದರಾಬಾದಿನ ಪಕ್ಕದ ಪಟಾನ್‌ಚೆರುವಿನಲ್ಲಿದೆ. ದುಡ್ಡಿಗೆ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿ ಇದೆ; ವರ್ಷಕ್ಕೆ ₹5,000 ಕೋಟಿ ಘೋಷಣೆಯಾಗುವ ಮಂಡಳಿಯ ಹಣ ಬಹುಪಾಲು ರಸ್ತೆ, ಕಟ್ಟಡಗಳಿಗೆ ಹರಿಯುತ್ತದೆ. ಅದರ ಒಂದು ಸಣ್ಣ ಪಾಲನ್ನು ಹತ್ತು ವರ್ಷಗಳ ಹೆಸರು, ಹುರುಳಿ, ಎಳ್ಳು ಸಂಶೋಧನೆಗೆ ಎತ್ತಿಡಬೇಕು. ಎಳ್ಳಿನ ಕಾಯಿಯೂ ಒಣಗುತ್ತಲೇ ಬಾಯಿ ಬಿಡುವ ಜಾತಿಯೇ.

ವಿಶ್ವವಿದ್ಯಾಲಯದ ಮುಂದೆ ಇಡಬೇಕಾದ ಷರತ್ತುಗಳೂ ಇವೆ. ಪ್ರಯೋಗ ನಡೆಯಬೇಕಾದ್ದು ನೀರು ಕಟ್ಟಿದ ತಾಕುಗಳಲ್ಲಲ್ಲ, ಮಳೆ ನಂಬಿದ ರೈತರ ಹೊಲಗಳಲ್ಲಿ, ಕನಿಷ್ಠ ಮೂರು ಮುಂಗಾರು. ಇಳುವರಿ, ಕೂಲಿ, ಸಿಡಿತದ ನಷ್ಟ ಎಲ್ಲದರ ಲೆಕ್ಕ ತಳಿ ಬಿಡುಗಡೆಗೆ ಮೊದಲೇ ಕನ್ನಡದಲ್ಲಿ ಪ್ರಕಟವಾಗಬೇಕು. ಬೀಜದ ಚೀಲದ ಮೇಲೆ ತಳಿ ಹೇಗೆ ಬಂತು, ಅದರ ಮೇಲೆ ಯಾರ ಹಕ್ಕಿದೆ, ಮರುಬಿತ್ತನೆಗೆ ಅಡ್ಡಿಯಿದೆಯೇ ಎಂಬ ಮೂರು ಸಾಲು ಅಚ್ಚಾಗಿರಬೇಕು. ಸಿಂಧನೂರಿನಲ್ಲಿ ಕಮಲಾ ಭತ್ತದ ಬೀಜ ಮಾರಾಟಕ್ಕೆ ಬರುವ ದಿನವೂ ಇದೇ ನಿಯಮ ಅನ್ವಯವಾಗಬೇಕು. ರಾಯಚೂರು ಜಿಲ್ಲೆಯ ಶಾಸಕರು, ಸಂಸದರು ಈ ಬೇಡಿಕೆಯನ್ನು ಮಂಡಳಿಯ ಮುಂದಿನ ಕ್ರಿಯಾಯೋಜನೆಗೆ ಸೇರಿಸಲಿ. ರೈತ ಸಂಘಟನೆಗಳು ಕಾಲುವೆ ನೀರು, ಬೆಂಬಲ ಬೆಲೆಗಳ ಜೊತೆಗೆ ಇದನ್ನೂ ತಮ್ಮ ಮನವಿಪತ್ರದಲ್ಲಿ ಬರೆಯಲಿ.